ಸೊಂಟದ ರಿವಾಲ್ವರ್, ಶಾಲೆಯ ಬಾಗಿಲು

ಕಳೆದ ತಿಂಗಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಮಾಲೀಕರೊಬ್ಬರು ನನ್ನ ಕಛೇರಿಗೆ ಬಂದಿದ್ದರು. ನಮ್ಮವರೇ, ಮೂರು ತಲೆಮಾರಿನಿಂದ ಅಲ್ಲಿ ನೆಲೆಸಿದವರು. ಶನಿವಾರದ ಕೂಲಿ ಬಟವಾಡೆಗೆ ಹಣ ತರುವಾಗ ಇಬ್ಬರು ಬೈಕಿನಲ್ಲಿ ಹಿಂಬಾಲಿಸಿದಂತೆ ಅವರಿಗೆ ಅನ್ನಿಸಿತ್ತು. ಕುಳಿತವರೇ ಕೇಳಿದರು: “ವಕೀಲರೇ, ಒಂದು ಪಿಸ್ತೂಲು ತೆಗೆದುಕೊಳ್ಳೋಣ ಅಂತಿದ್ದೇನೆ. ಯಾವುದು ಒಳ್ಳೆಯದು, ನೀವೇ ಹೇಳಬೇಕು.” ನಾನು, “ಮನೆಯಲ್ಲಿ ಮಕ್ಕಳೆಷ್ಟು? ಅದನ್ನು ಎಲ್ಲಿ ಇಡುತ್ತೀರಿ?” ಎಂದು ಕೇಳಿದೆ. ಅವರಿಗೆ ಸ್ವಲ್ಪ ನಿರಾಶೆಯಾಯಿತು. ನನ್ನ ಬಳಿ ಪರವಾನಗಿಯ ರಿವಾಲ್ವರ್ ಒಂದಿದೆಯೆಂದು ಯಾರಿಂದಲೋ ಕೇಳಿ, ಅದರ ಗುಣಗಾನ ಕೇಳಲು ಬಂದಿದ್ದರು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಆ ರಿವಾಲ್ವರ್ ನಾನು ಕೊಂಡದ್ದಲ್ಲ, ತಂದೆಯವರಿಂದ ಬಂದದ್ದು. ಅವರು ಕೊಯಮತ್ತೂರಿನ ರಾಜಬೀದಿಯಲ್ಲಿ ಬೆಳ್ಳಿ-ಬಂಗಾರದ ಸಣ್ಣ ವ್ಯಾಪಾರ ಮಾಡುತ್ತಿದ್ದರು. ಸರಕು ಹಿಡಿದು ಸತ್ಯಮಂಗಲ, ಬಣ್ಣಾರಿ, ದಿಂಬಂ ದಾಟಿ ಚಾಮರಾಜನಗರದ ಕಡೆಗೆ ಹೋಗುವುದು ಅವರ ವಾಡಿಕೆ. ವೀರಪ್ಪನ್ ಕಾಡಿನಲ್ಲಿದ್ದ ವರ್ಷಗಳು ಅವು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದ ಮೇಲಂತೂ ಆ ಇಪ್ಪತ್ತೇಳು ತಿರುವುಗಳ ಘಟ್ಟವನ್ನು ಹತ್ತುವಾಗ ಅವರ ಬಲಗೈ ಅಂಗಿಯ ಕೆಳಗೇ ಇರುತ್ತಿತ್ತೆಂದು ಅಮ್ಮ ಹೇಳುತ್ತಾರೆ. ಒಮ್ಮೆಯೂ ಹೊರಗೆ ತೆಗೆದವರಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ ಮೇಲೆ, ಇಲ್ಲವೇ 25 ವರ್ಷ ಆಯುಧ ಹೊಂದಿದ ಮೇಲೆ, ಅವರು ಬದುಕಿರುವಾಗಲೇ ಉತ್ತರಾಧಿಕಾರಿಯ ಹೆಸರಿಗೆ ಪರವಾನಗಿ ಕೋರಬಹುದು. ಹಾಗೆ ಅದು ನನ್ನ ಹೆಸರಿಗೆ ಬಂತು.

ಅದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪೆನಿಯ .32 ರಿವಾಲ್ವರ್. ಆಯ್ಕೆಯ ವಿಷಯದಲ್ಲಿ ನಮ್ಮ ದೇಶದ ಸಾಮಾನ್ಯ ನಾಗರಿಕನಿಗೆ ಇರುವ ಬಯಲು ಬಹಳ ಚಿಕ್ಕದು. ಸಿನಿಮಾಗಳಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರಿನದು. ಸಾಮಾನ್ಯರಿಗೆ ಅದು ಸಿಗದು. ಉಳಿಯುವುದು ಮುಖ್ಯವಾಗಿ .32. ಅದರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯ ರಿವಾಲ್ವರ್ ಇದೆ. ಅದರ ವಿನ್ಯಾಸವೂ ವೆಬ್ಲಿಯದ್ದೇ. 2014ರಲ್ಲಿ ಅಲ್ಲಿಂದಲೇ ಟೈಟೇನಿಯಂ ಮಿಶ್ರಲೋಹದ, ಅರ್ಧ ಕಿಲೋ ತೂಕದ ‘ನಿರ್ಭೀಕ್’ ಬಂತು. ಮಹಿಳೆಯರ ಕೈಚೀಲಕ್ಕೆಂದು ಪ್ರಚಾರವಾಯಿತು, ಬೆಲೆ ಮಾತ್ರ ಲಕ್ಷ ದಾಟಿತು. 2023ರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ‘ಪ್ರಬಲ್’ ಬಂತು. ಪಿಸ್ತೂಲೇ ಬೇಕೆಂದರೆ ಇಶಾಪುರದ ‘ಅಶನಿ’. ಇಲ್ಲೊಂದು ಎಚ್ಚರಿಕೆ: ರಿವಾಲ್ವರಿನ .32 ಗುಂಡು ಬೇರೆ, ಪಿಸ್ತೂಲಿನ .32 ಗುಂಡು ಬೇರೆ. ಹೆಸರು ಒಂದೇ ಎಂದು ಒಂದರದ್ದನ್ನು ಇನ್ನೊಂದಕ್ಕೆ ತುಂಬಬಾರದು.

ನನ್ನನ್ನು ಕೇಳಿದರೆ ಮಕ್ಕಳಿರುವ ಮನೆಗೆ ರಿವಾಲ್ವರೇ ಮೇಲು. ಇದು ನನ್ನ ಅಭಿರುಚಿ, ಶಾಸ್ತ್ರವಲ್ಲ. ಪಿಸ್ತೂಲಿನಿಂದ ಮ್ಯಾಗಜೀನ್ ಹೊರತೆಗೆದರೂ ಒಂದು ಗುಂಡು ಒಳಗೆ ಉಳಿದಿರಬಹುದು. ‘ಖಾಲಿ ಇದೆ’ ಎಂದುಕೊಂಡ ಪಿಸ್ತೂಲುಗಳಿಂದಲೇ ಎಷ್ಟೋ ಅನಾಹುತಗಳಾಗಿವೆ. ನನ್ನ ವೆಬ್ಲಿಯನ್ನು ನಡುವಿನಲ್ಲಿ ಮಡಿಚಿದರೆ ಆರೂ ರಂಧ್ರಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ, ಗುಂಡುಗಳು ತಾವಾಗಿ ಮೇಲೇಳುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಕುದುರೆಯನ್ನು ಎಳೆಯಲು ಬಲ ಬೇಕು. ಗುರಿಗಾರರಿಗೆ ಅದು ದೋಷ, ನನಗೆ ಗುಣ. ಆದರೆ ಬಲ ಬೇಕೆಂದ ಮಾತ್ರಕ್ಕೆ ಮಗುವಿನ ಬೆರಳಿಗೆ ಬಗ್ಗದೆಂದು ಯಾರೂ ನಂಬಬಾರದು. ಒಯ್ಯುವಾಗ ಹೊಡೆತಕುದುರೆಯ ಕೆಳಗಿನ ರಂಧ್ರವನ್ನು ಖಾಲಿ ಬಿಟ್ಟು ಐದೇ ಗುಂಡು ತುಂಬುವುದು ತಂದೆಯವರ ಪದ್ಧತಿ. ನಾನೂ ಅದನ್ನೇ ಉಳಿಸಿಕೊಂಡಿದ್ದೇನೆ.

ಇನ್ನು ಒಯ್ಯುವ ಮಾತು. 2016ರ ನಿಯಮಗಳ 32ನೆಯ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿ, ತನ್ನ ಹಿಡಿತದಲ್ಲೇ ಇಟ್ಟುಕೊಂಡು ಒಯ್ಯಬೇಕು. ಝಳಪಿಸುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗ್ರತೆಯಿಂದ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂಬುದು ಅದರಲ್ಲೇ ನಮೂದಾಗಿರುತ್ತದೆ. ತಮಿಳುನಾಡಿಗೆ ಸೀಮಿತವಾದದ್ದನ್ನು ಹಿಡಿದು ವಾಳಯಾರ್ ದಾಟಿದರೆ ಅಪರಾಧ. ತಂದೆಯವರ ದಿಂಬಂ ದಾರಿಯ ಸ್ಥಿತಿಯೂ ಬದಲಾಗಿದೆ. ಸತ್ಯಮಂಗಲದ ಕಾಡು ಈಗ ವನ್ಯಜೀವಿಧಾಮ. 2013ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 31ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ವನ್ಯಜೀವಿಧಾಮದೊಳಕ್ಕೆ ಆಯುಧದೊಂದಿಗೆ ಪ್ರವೇಶಿಸುವಂತಿಲ್ಲ. ತಾಳವಾಡಿಯ ನೆಂಟರ ಮನೆಗೆ ಹೋಗುವಾಗ ನನ್ನ ರಿವಾಲ್ವರ್ ಕೊಯಮತ್ತೂರಿನಲ್ಲೇ ಇರುತ್ತದೆ.

ಈ ಪತ್ರಿಕೆಯ ಓದುಗರಿಗೆ ಮುಖ್ಯವಾದದ್ದು ಇನ್ನೊಂದು ಷರತ್ತು. ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಯಾವುದೇ ವಿದ್ಯಾಸಂಸ್ಥೆಯ ಆವರಣದೊಳಕ್ಕೆ ಆಯುಧ ಒಯ್ಯಕೂಡದೆಂದು ಪರವಾನಗಿಯಲ್ಲೇ ಅಚ್ಚಾಗಿದೆ. ನಾನು ಇದನ್ನು ಎಷ್ಟೋ ಕಕ್ಷಿದಾರರಿಗೆ ಓದಿ ಹೇಳಿದ್ದೇನೆ. ಹಾಗಿದ್ದೂ ಕೆಲವು ವರ್ಷಗಳ ಹಿಂದೆ ನಾನೇ ಎಡವಿದೆ. ಉಡುಮಲೈ ಬಳಿಯ ಸೋದರಮಾವನವರ ತೆಂಗಿನ ತೋಟದ ಗುತ್ತಿಗೆ ಹಣ ಎಣಿಸಿಕೊಳ್ಳಲು ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ನೇರವಾಗಿ ಮಗಳ ಶಾಲೆಗೆ ಬಂದೆ. ಆಗ ಅವಳು ಐದನೆಯ ತರಗತಿ. ಪೋಷಕರ ಸಭೆಯಲ್ಲಿ ತಾನೇ ಬರೆದ ಕನ್ನಡ ಪ್ರಬಂಧವನ್ನು ಓದುವವಳಿದ್ದಳು. ಪತ್ನಿ ಮತ್ತು ಮಗಳು ಬಾಗಿಲಲ್ಲಿ ಕಾಯುತ್ತಿದ್ದರು. ಕಾರಿನಿಂದಿಳಿದು ಅಂಗಿ ಸರಿಪಡಿಸಿಕೊಳ್ಳುವಾಗ ಕೈಗೆ ಚರ್ಮದ ಚೀಲ ತಗಲಿತು.

ಕಾರಿನಲ್ಲಿ ಬಿಟ್ಟು ಹೋಗೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಆದರೆ ಬೀಗ ಹಾಕಿದ ಕಾರು ತಿಜೋರಿಯಲ್ಲ; ಗಾಜು ಒಡೆಯಲು ಒಂದು ಕಲ್ಲು ಸಾಕು. ಪತ್ನಿಯನ್ನು ಪಕ್ಕಕ್ಕೆ ಕರೆದು ಹೇಳಿ, ಮನೆಗೆ ಹೋಗಿ ಇರಿಸಿ, ಅವಿನಾಶಿ ರಸ್ತೆಯ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡು ಮರಳುವಷ್ಟರಲ್ಲಿ ಸಭೆ ಮುಗಿದಿತ್ತು. “ಅಪ್ಪಾ, ನೀವು ಬರಲೇ ಇಲ್ಲವಲ್ಲ” ಎಂದಳು. ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ಷರತ್ತು ಮುರಿದಿದ್ದರೆ 30ನೆಯ ಕಲಮಿನ ಕೆಳಗೆ ಆರು ತಿಂಗಳವರೆಗೆ ಸೆರೆಯಾಗಬಹುದಿತ್ತು, ಪರವಾನಗಿ ಹೋಗಬಹುದಿತ್ತು. ಆ ಹೊತ್ತಿನಲ್ಲಿ ಅದಾವುದೂ ನೆನಪಿಗೆ ಬರಲಿಲ್ಲ; ಒಳಗೆ ಓಡಾಡುತ್ತಿದ್ದ ಮಕ್ಕಳು ಮಾತ್ರ ಕಣ್ಣೆದುರಿಗಿದ್ದರು.

ಆಮೇಲೆ ಒಂದು ದಿನ ಕುಳಿತು ಲೆಕ್ಕ ಹಾಕಿದೆ. ನ್ಯಾಯಾಲಯಕ್ಕೆ ನಾನು ಒಯ್ಯುವುದಿಲ್ಲ. ಶಾಲೆಗೆ, ಜಾತ್ರೆಗೆ, ಸಭೆಗೆ ಕೂಡದು. ಕಾಡುದಾರಿಗೆ ಕೂಡದು. ವರ್ಷದಲ್ಲಿ ಅದು ನನ್ನ ಸೊಂಟದಲ್ಲಿರುವುದು ಹೆಚ್ಚೆಂದರೆ ಹತ್ತು ದಿನ. ಉಳಿದ 355 ದಿನ ಮನೆಯಲ್ಲಿ. ಆದ್ದರಿಂದ ಯಾವ ರಿವಾಲ್ವರ್ ಎಂಬುದಕ್ಕಿಂತ ಮೊದಲು ಯಾವ ಪೆಟ್ಟಿಗೆ, ಯಾವ ಗೋಡೆ, ಬೀಗದ ಕೈ ಯಾರ ಬಳಿ ಎಂಬುದನ್ನು ತೀರ್ಮಾನಿಸಬೇಕು. ಭದ್ರವಾಗಿ ಇಡುವ ಬಗ್ಗೆ ಅರ್ಜಿಯ ಜೊತೆಗೇ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಬಹಳ ಮಂದಿ ಅದನ್ನು ಓದದೆ ಸಹಿ ಹಾಕುತ್ತಾರೆ. ನಮ್ಮ ಮನೆಯಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯಲ್ಲಿ ರಿವಾಲ್ವರ್, ಇನ್ನೊಂದು ಕೋಣೆಯ ಬೀಗದೊಳಗೆ ಗುಂಡು. ಎರಡರ ಕೀಲಿಗಳು ಒಂದೇ ಗೊಂಚಲಿನಲ್ಲಿಲ್ಲ. ಬೀರುವಿನ ಮೇಲೆ, ಸೀರೆಗಳ ನಡುವೆ, ಅಕ್ಕಿ ಡಬ್ಬಿಯ ಹಿಂದೆ ಇಟ್ಟದ್ದನ್ನು ಮಕ್ಕಳು ಬಲ್ಲರು. ದೀಪಾವಳಿಗೆ ಬಚ್ಚಿಟ್ಟ ಪಟಾಕಿಯನ್ನು ಹುಡುಕಿದವರಿಗೆ ಇದೇನು ದೊಡ್ಡದು?

ಆರೈಕೆಯ ವಿಷಯಕ್ಕೆ ಬರುತ್ತೇನೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಆಡಿ ತಿಂಗಳ ತೇವದ ಗಾಳಿ, ಆಮೇಲೆ ಐಪ್ಪಸಿಯ ಮಳೆ: ಉಕ್ಕಿಗೆ ಇವೆರಡೂ ಶತ್ರುಗಳು. ಚರ್ಮದ ಹೋಲ್‌ಸ್ಟರ್ ಒಯ್ಯುವುದಕ್ಕಷ್ಟೇ, ಇಡುವುದಕ್ಕಲ್ಲ; ಚರ್ಮ ತೇವ ಹೀರಿ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ತಂದೆಯವರು ಈ ತಪ್ಪು ಮಾಡಿದ್ದರಿಂದ ನಳಿಕೆಯ ಎಡಬದಿಯಲ್ಲಿ ಇಂದಿಗೂ ಒಂದು ಕಪ್ಪು ಕಲೆಯಿದೆ. ನಾನು ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡುತ್ತೇನೆ. ಎರಡು ತಿಂಗಳಿಗೊಮ್ಮೆ, ಮಕ್ಕಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಗುಂಡುಗಳನ್ನು ಬೇರೆ ಕೋಣೆಯಲ್ಲೇ ಬಿಟ್ಟು, ಖಾಲಿಯಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಎರಡು ಸಲ ಪರೀಕ್ಷಿಸಿ, ನಳಿಕೆಗೆ ಬ್ರಷ್ ಆಡಿಸಿ, ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರುತ್ತೇನೆ. ತಂದೆಯವರು ಬಳಸುತ್ತಿದ್ದುದು ತಿರುಪ್ಪೂರಿನಿಂದ ತರಿಸಿದ ಹೊಲಿಗೆ ಯಂತ್ರದ ಎಣ್ಣೆ. ತುಕ್ಕು ತಡೆಯಲು ಅದು ಸಾಕಾಗುತ್ತದೆ. ಗುಂಡು ಹಾರಿಸಿದ ಮೇಲಿನ ಮಸಿ ಬಿಡಿಸಲು ಮಾತ್ರ ಬಂದೂಕಿನದ್ದೇ ದ್ರಾವಣ ಬೇಕು. ಎಣ್ಣೆ ಹೆಚ್ಚಾಗಿ ಗುಂಡಿನ ಹಿಂಬದಿಗೆ ಇಳಿದರೆ ಗುಂಡು ಸಿಡಿಯದೆ ಹೋಗಬಹುದು.

ರಿಪೇರಿಯ ಬಗ್ಗೆ ಕೊಯಮತ್ತೂರಿನವರಿಗೆ ವಿಶೇಷವಾಗಿ ಒಂದು ಮಾತು. ಗಣಪತಿ, ಪೀಳಮೇಡು ಕಡೆ ಬೀದಿಗೊಂದು ಲೇತ್ ಇದೆ. ಸ್ಪ್ರಿಂಗ್ ಮುರಿದರೆ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಕುಶಲಿಗಳಿದ್ದಾರೆ. ಕೊಡಬೇಡಿ. ಪರವಾನಗಿಯಿಲ್ಲದೆ ಆಯುಧ ರಿಪೇರಿ ಮಾಡುವುದು 5ನೆಯ ಕಲಮಿನ ಉಲ್ಲಂಘನೆ. ಶಿಕ್ಷೆ ಕನಿಷ್ಠ ಏಳು ವರ್ಷ. ಆ ಬಡ ಮೇಸ್ತ್ರಿಯನ್ನು ಸೆರೆಮನೆಗೆ ಕಳಿಸಿದ ಪಾಪ ನಿಮಗೆ ಬರುತ್ತದೆ. ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಗೇ ಹೋಗಬೇಕು.

ಆಯುಧ ಪೂಜೆಯ ದಿನ ನಾವೂ ಮಗ್ಗ, ಕತ್ತರಿ, ವಾಹನಗಳಿಗೆ ಅರಿಶಿನ-ಕುಂಕುಮ ಹಚ್ಚುವವರೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿಗೊಳಿಸಿ ಪೂಜಿಸುತ್ತಾರೆ. ಅದನ್ನು ಕೇಳಿದ ನಮ್ಮ ಕೆಲವರು, “ಕನ್ನಡದವರಿಗೆ ಲೈಸೆನ್ಸ್ ಬೇಡವಂತೆ” ಎಂದು ನನ್ನೊಡನೆ ವಾದಿಸಿದ್ದುಂಟು. ಆ ವಿನಾಯಿತಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ. ಭಾಷೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮನೆಯಲ್ಲಿ ಪೂಜೆ ಮುಚ್ಚಿದ ಪೆಟ್ಟಿಗೆಗೆ ಆಗುತ್ತದೆ.

ಕಛೇರಿಯಲ್ಲಿ ನಾನು ಹೆಚ್ಚಾಗಿ ಕಾಣುವ ತೊಡಕು ಮಾತ್ರ ಬೇರೆಯೇ. ಅಜ್ಜ ತೀರಿಕೊಂಡಿರುತ್ತಾರೆ, ಅವರ ಬಂದೂಕು ಅಟ್ಟದ ಮೇಲೆ ಹಾಗೇ ಇರುತ್ತದೆ. ‘ನಾವೇನೂ ಬಳಸುತ್ತಿಲ್ಲವಲ್ಲ’ ಎಂಬ ಸಮಾಧಾನ. ಪರವಾನಗಿದಾರರು ತೀರಿಕೊಂಡ ಮೇಲೆ ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕೆಂದು 21ನೆಯ ಕಲಂ ಹೇಳುತ್ತದೆ. ಇಟ್ಟ ಮೇಲೆ ವಾರಸುದಾರರು ಅರ್ಜಿ ಹಾಕಬಹುದು, ಮಾರಲೂಬಹುದು. ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಸೆರೆ. ಪರವಾನಗಿಯ ಅವಧಿ ಈಗ ಐದು ವರ್ಷ, ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ನವೀಕರಣದ ದಿನ ಮರೆತವರೂ ಇದೇ ಸುಳಿಗೆ ಬೀಳುತ್ತಾರೆ.

ನನ್ನದು ಮುಂದಿನ ವರ್ಷ ನವೀಕರಣಕ್ಕೆ ಬರುತ್ತದೆ. ರಾಜಬೀದಿಯ ಅಂಗಡಿ ಈಗಿಲ್ಲ. ಸೋದರಮಾವ ತೋಟ ಮಾರಿದರು. ಆ ಹತ್ತು ದಿನಗಳು ಈಗ ಎರಡೋ ಮೂರೋ ಆಗಿವೆ. “ಇನ್ನೂ ಏಕೆ?” ಎಂದು ಪತ್ನಿ ಕೇಳುತ್ತಾರೆ, ಅಮ್ಮನಿಗೆ ಅದು ಯಜಮಾನರ ನೆನಪು. ಬಂದೂಕು ವ್ಯಾಪಾರಿಯೊಬ್ಬರಲ್ಲಿ ಬೆಲೆ ವಿಚಾರಿಸಿ ಬಂದಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ.