ವಾಕಿಟಾಕಿ ಮೌನವಾಗುವುದೇಕೆ?

ಅಕ್ಕಿಹೆಬ್ಬಾಳು: ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೂಡುವ ಕೆ.ಆರ್.ಪೇಟೆ ತಾಲ್ಲೂಕಿನ ತ್ರಿವೇಣಿ ಸಂಗಮದಲ್ಲಿ 2013 ಮತ್ತು 2022ರಲ್ಲಿ ಕುಂಭಮೇಳ ನಡೆಯಿತು. ಇಂಥ ಜನಸಾಗರದ ನಡುವೆ ಮೊಬೈಲ್ ಜಾಲದ ಮೇಲೆ ಒತ್ತಡ ಹೆಚ್ಚಿ ಕರೆಗಳು ಸೇರದಿರುವುದು ಸಾಮಾನ್ಯ. ಆಗ ಭದ್ರತಾ ಸಿಬ್ಬಂದಿಗೆ ಆಸರೆಯಾಗುವುದು ವಾಕಿಟಾಕಿ. ಸ್ನಾನಕ್ಕಿಳಿದವರೊಬ್ಬರು ಸೆಳೆತಕ್ಕೆ ಸಿಕ್ಕಿದರೆ ದಡದ ಕಾವಲುಗಾರ ಆಡುವ ಒಂದೇ ಮಾತು ದೋಣಿಯಲ್ಲಿರುವವರನ್ನು ಮುಟ್ಟಬೇಕು. ಆ ಮಾತು ದಾರಿಯಲ್ಲೇ ಕಳೆದುಹೋದರೆ ಜೀವಕ್ಕೇ ಕುತ್ತು.

ಮಾತು ಕಳೆದುಹೋಗುವ ಜಾಗಗಳು ಹಳ್ಳಿಯ ತಗ್ಗಿನಲ್ಲೂ ಇವೆ, ನಗರದ ಬಹುಮಹಡಿ ಕಟ್ಟಡಗಳಲ್ಲೂ ಇವೆ. ಡಿಜಿಟಲ್ ಸೆಟ್ ಕೊಂಡ ಮಾತ್ರಕ್ಕೆ ಈ ತೊಂದರೆ ನೀಗುವುದಿಲ್ಲ.

ಎತ್ತರವೇ ಮೊದಲ ಮದ್ದು

ವಾಕಿಟಾಕಿಯ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಭೂಮಿಯ ಬಾಗುವಿಕೆಯಿಂದಾಗಿ ಸುಮಾರು 5 ಕಿ.ಮೀ. ದೂರದಲ್ಲೇ ದಿಗಂತ ಎದುರಾಗುತ್ತದೆ. ನಡುವೆ ತೆಂಗಿನ ತೋಟ, ದಿಬ್ಬ, ಮನೆಗಳಿದ್ದರೆ ವ್ಯಾಪ್ತಿ ಒಂದೆರಡು ಕಿ.ಮೀ.ಗೆ ಇಳಿಯಬಹುದು. ಅದೇ ಆಂಟೆನಾ 30 ಮೀಟರ್ ಎತ್ತರದ ಕಂಬದ ಮೇಲಿದ್ದರೆ ದಿಗಂತ 22 ಕಿ.ಮೀ.ಗೂ ಆಚೆ ಸರಿಯುತ್ತದೆ. ಒಂದು ಆವರ್ತನದಲ್ಲಿ ಕೇಳಿಸಿಕೊಂಡು ಮತ್ತೊಂದರಲ್ಲಿ ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನು ಗುಡ್ಡ, ಗೋಪುರಗಳ ಮೇಲೆ ಇರಿಸುವುದು ಇದೇ ಕಾರಣಕ್ಕೆ.

ಶಕ್ತಿ ಹೆಚ್ಚಿಸುವುದರಿಂದ ಸಿಗುವ ಲಾಭ ಕಡಿಮೆ. ರೈಲ್ವೆ ನಿಲ್ದಾಣಗಳಲ್ಲಿ 25 ವಾಟ್‌ನ ಸೆಟ್‌ಗಳಿದ್ದರೆ, ಲೋಕೊ ಪೈಲಟ್ ಹಾಗೂ ಗಾರ್ಡ್ ಬಳಿ ಇರುವುದು 5 ವಾಟ್‌ನ ಕೈಸೆಟ್. ನಿಲ್ದಾಣದ ಮಾತು ದೂರಕ್ಕೆ ಕೇಳಿಸಿದರೂ ಕೈಸೆಟ್‌ನ ಉತ್ತರ ಅಷ್ಟೇ ದೂರದಿಂದ ಮರಳಿ ಬರುವುದಿಲ್ಲ. ಸಂಪರ್ಕವನ್ನು ಅಳೆಯುವಾಗ ದುರ್ಬಲ ಬದಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಡಿಜಿಟಲ್‌ನ ಗುಣ, ದೋಷ

ಯುರೋಪಿನ ಎಟ್ಸಿ ಸಂಸ್ಥೆ 2005ರಲ್ಲಿ ರೂಪಿಸಿದ ಡಿಎಂಆರ್ ಮಾನಕದಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲನ್ನು ಕಾಲದ ಎರಡು ತುಣುಕುಗಳಾಗಿ ವಿಂಗಡಿಸಿ ಏಕಕಾಲಕ್ಕೆ ಎರಡು ಸಂಭಾಷಣೆ ನಡೆಸಬಹುದು. ಸಣ್ಣಪುಟ್ಟ ದೋಷಗಳನ್ನು ಸೆಟ್ಟೇ ತಿದ್ದಿಕೊಳ್ಳುವುದರಿಂದ ವ್ಯಾಪ್ತಿಯ ಅಂಚಿನವರೆಗೂ ಧ್ವನಿ ಸ್ಪಷ್ಟ.

ಅಪಾಯವಿರುವುದೂ ಅಲ್ಲಿಯೇ. ಹಳೆಯ ಅನಲಾಗ್ ಸೆಟ್‌ಗಳಲ್ಲಿ ಸಂಕೇತ ಕ್ಷೀಣಿಸಿದಂತೆ ಕರಕರ ಸದ್ದು ಹೆಚ್ಚುತ್ತಿತ್ತು. ಬಳಸುವವರು ಎಚ್ಚೆತ್ತು ಎತ್ತರದ ಜಾಗಕ್ಕೆ ಸರಿಯುತ್ತಿದ್ದರು. ಡಿಜಿಟಲ್‌ನಲ್ಲಿ ಅಂಥ ಮುನ್ಸೂಚನೆ ತೀರಾ ಕಡಿಮೆ. ದೋಷ ತಿದ್ದುವ ಮಿತಿ ದಾಟಿದೊಡನೆ ಮಾತು ಥಟ್ಟನೆ ಕಡಿದುಹೋಗುತ್ತದೆ. ಆದ್ದರಿಂದ ಸಂಕೇತ ಸಿಗದ ಜಾಗಗಳನ್ನು ಮೊದಲೇ ಗುರುತಿಸುವುದು ಡಿಜಿಟಲ್ ವ್ಯವಸ್ಥೆಯಲ್ಲಿ ಇನ್ನೂ ಅಗತ್ಯ.

ಗೋಡೆಗಳ ಒಳಗೆ

ಬಯಲಿನಲ್ಲಿ 136ರಿಂದ 174 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಅನುಕೂಲಕರ. ಕಟ್ಟಡಗಳಲ್ಲಿ 400 ಮೆಗಾಹರ್ಟ್ಸ್‌ಗೂ ಮೇಲಿನ ಯುಎಚ್‌ಎಫ್ ತರಂಗಗಳು ಕಿಟಕಿ, ಬಾಗಿಲುಗಳ ಮೂಲಕ ಸುಲಭವಾಗಿ ನುಸುಳುತ್ತವೆ. ಆದರೆ ಕಾಂಕ್ರೀಟಿನ ಕಂಬಿ, ಲೋಹಲೇಪಿತ ಗಾಜು, ಲಿಫ್ಟ್ ಹಾಗೂ ನೆಲಮಾಳಿಗೆಗಳು ಸಂಕೇತವನ್ನು ನೂರರಲ್ಲೊಂದು ಪಾಲಿಗೂ ಇಳಿಸಬಲ್ಲವು.

ಇದಕ್ಕೆ ಪರಿಹಾರವೆಂದರೆ ತಾರಸಿಯ ಆಂಟೆನಾದಿಂದ ಸಂಕೇತ ಪಡೆದು, ವರ್ಧಕದಲ್ಲಿ ಬಲಪಡಿಸಿ, ಕೇಬಲ್ ಮೂಲಕ ಪ್ರತಿ ಮಹಡಿಯ ಪುಟ್ಟ ಆಂಟೆನಾಗಳಿಗೆ ಹಂಚುವುದು. ಸುರಂಗಗಳಲ್ಲಿ ಉದ್ದಕ್ಕೂ ಸಂಕೇತ ಸೋರಿಸುವ ಕೇಬಲ್ ಎಳೆಯುವುದು ರೂಢಿ. ಒಳಗಿನ ಮತ್ತು ಹೊರಗಿನ ಆಂಟೆನಾಗಳು ಒಂದನ್ನೊಂದು ಕೇಳಿಸಿಕೊಳ್ಳುವಷ್ಟು ಹತ್ತಿರವಿರಬಾರದು. ಮದುವೆ ಮನೆಯಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಕಿವಿಗಡಚಿಕ್ಕುವ ಸದ್ದೇಳುವಂತೆ ವರ್ಧಕವೂ ಕಿರುಚತೊಡಗಿ ಇಡೀ ಪ್ರದೇಶದ ಸಂಪರ್ಕವನ್ನೇ ಕೆಡಿಸಬಲ್ಲದು.

ಉಪಕರಣವಿದ್ದರೆ ಸಾಲದು ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. ವಿಶ್ವ ವಾಣಿಜ್ಯ ಕೇಂದ್ರದಲ್ಲಿ ಅಗ್ನಿಶಾಮಕ ದಳಕ್ಕೆಂದೇ ರಿಪೀಟರ್ ಇತ್ತು. 2001ರ ಸೆಪ್ಟೆಂಬರ್ 11ರಂದು ಅದರ ಒಂದು ಗುಂಡಿ ಒತ್ತದೆ ಉಳಿದ ಕಾರಣ ಉತ್ತರ ಗೋಪುರದ ಅಧಿಕಾರಿಗಳು ಅದು ಕೆಟ್ಟಿದೆ ಎಂದು ಭಾವಿಸಿ ಬಳಸಲಿಲ್ಲ. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಮೃತಪಟ್ಟರು. ಸಾವುಗಳಿಗೆ ಅದೊಂದೇ ಕಾರಣವಲ್ಲವಾದರೂ, ತುರ್ತಿನ ಗಳಿಗೆಯಲ್ಲಿ ಮೊದಲ ಬಾರಿ ಗುಂಡಿ ಹುಡುಕುವಂತಾಗಬಾರದು ಎಂಬ ಪಾಠ ಉಳಿಯಿತು.

ನಿಯಮ ಮತ್ತು ನಡಿಗೆ

ರಿಪೀಟರ್, ವರ್ಧಕಗಳನ್ನು ಮನಬಂದಂತೆ ಅಳವಡಿಸುವಂತಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. 2018ರ ನಿಯಮಗಳಂತೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಕೈಸೆಟ್‌ಗಳಿಗೆ ಮಾತ್ರ ಪರವಾನಗಿಯಿಂದ ವಿನಾಯಿತಿ ಇದೆ. ಅನಧಿಕೃತ ವಾಕಿಟಾಕಿಗಳ ಆನ್‌ಲೈನ್ ಮಾರಾಟ ತಡೆಯಲು 2025ರಲ್ಲಿ ಕೇಂದ್ರ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಹಣ ವ್ಯಯಿಸುವ ಮುನ್ನ ಮಾಡಬೇಕಾದ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ. ಇಬ್ಬರು ಸೆಟ್ ಹಿಡಿದು, ಒಬ್ಬರು ನಿಯಂತ್ರಣ ಕೊಠಡಿಯಲ್ಲಿ ಕುಳಿತು, ಮತ್ತೊಬ್ಬರು ಘಾಟಿನ ಮೆಟ್ಟಿಲು, ನೆಲಮಾಳಿಗೆ, ಲಿಫ್ಟಿನ ಎದುರು ನಡೆಯುತ್ತಾ ಮಾತು ಎಲ್ಲಿ ಕಡಿಯುತ್ತದೆಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಎರಡೂ ದಿಕ್ಕಿನ ಮಾತನ್ನು ಪರೀಕ್ಷಿಸಬೇಕು. ವಿದ್ಯುತ್ ಕಡಿತವಾದಾಗ ರಿಪೀಟರ್‌ನ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದೂ ನೋಡಬೇಕು. ಜಾತ್ರೆಗೆ ಜನ ಸೇರುವ ಮುನ್ನವೇ ಈ ನಡಿಗೆ ಮುಗಿದಿದ್ದರೆ, ದಡದ ಕಾವಲುಗಾರನಿಗೆ ಎಲ್ಲಿ ನಿಂತು ಮಾತನಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ.