ಮಿಕ್ಕಿದ ರಕ್ತ ಯಾರ ಸ್ವತ್ತು?

ರಕ್ತ ಪರೀಕ್ಷೆಗೆ ತೋಳು ಚಾಚುವವರು ಕೇಳುವುದು ಎರಡೇ ಪ್ರಶ್ನೆ. ನೋವಾಗುತ್ತಾ? ಬಿಲ್ಲು ಎಷ್ಟು? ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ ಎಂದು ಕೇಳುವವರನ್ನು ದುರ್ಬೀನು ಹಾಕಿ ಹುಡುಕಬೇಕು. ಅಮೆರಿಕದಲ್ಲಿ ಒಂದು ಊರಿಗೆ ಊರೇ ಹಾಗೆ ಕೇಳಿತು. ಆದರೆ ಕೇಳುವ ಹೊತ್ತಿಗೆ 13 ವರ್ಷ ಕಳೆದಿತ್ತು.

ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ತಳದಲ್ಲಿ ಹವಸುಪಾಯಿ ಎಂಬ ಬುಡಕಟ್ಟಿನವರ ಹಳ್ಳಿಯಿದೆ. ಮೋಟಾರು ರಸ್ತೆಯಿಲ್ಲ. ಟಪಾಲು ಇಳಿಯುವುದೇ ಹೇಸರಗತ್ತೆಯ ಬೆನ್ನ ಮೇಲೆ. ಸಕ್ಕರೆ ಕಾಯಿಲೆಯ ಕಾಟ ಮಾತ್ರ ವಿಪರೀತ. 1990ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದಾಗ, ಈ ಕಾಯಿಲೆಯ ಮೂಲ ಸಿಕ್ಕೀತೆಂಬ ಆಸೆಯಿಂದ ಜನ ತೋಳು ಕೊಟ್ಟರು. ರಕ್ತವೆಂದರೆ ಅವರಿಗೆ ಪವಿತ್ರ. ಹಾಗಿದ್ದೂ ಕೊಟ್ಟರು.

2003ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪ್ರಬಂಧವೊಂದರ ಮಂಡನೆ ನಡೆಯಿತು. ಕೇಳಲು ಹೋಗಿದ್ದ ಬುಡಕಟ್ಟಿನ ಹೆಣ್ಣುಮಗಳೊಬ್ಬಳ ಎದುರು ಗುಟ್ಟು ರಟ್ಟಾಯಿತು. ಸಕ್ಕರೆ ಕಾಯಿಲೆಗೆಂದು ಕೊಟ್ಟ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ರಕ್ತಸಂಬಂಧದೊಳಗಿನ ಮದುವೆಗಳ ಲೆಕ್ಕ, ಪೂರ್ವಿಕರು ಎಲ್ಲಿಂದ ವಲಸೆ ಬಂದರೆಂಬ ಮೂಲ, ಎಲ್ಲವನ್ನೂ ಜಾಲಾಡಿದ್ದರು. ಈ ಕಮರಿಯೇ ತಮ್ಮ ಹುಟ್ಟುನೆಲ ಎಂದು ನಂಬಿದವರಿಗೆ, ನೀವು ಏಷ್ಯಾದಿಂದ ಬಂದವರು ಅಂದರೆ ಹೇಗಾಗಬೇಡ? ಸಹಿ ಹಾಕಿದ ಕಾಗದದಲ್ಲಿ 'ವರ್ತನೆಯ ಮತ್ತು ವೈದ್ಯಕೀಯ ದೋಷಗಳ ಕಾರಣ' ತಿಳಿಯಲು ಎಂದಿತ್ತು, ನಿಜ. ಬಾಯಲ್ಲಿ ಸಕ್ಕರೆ, ಕಾಗದದಲ್ಲಿ ಸಕಲವೂ!

2004ರಲ್ಲಿ ಜನ ಕೋರ್ಟಿನ ಮೆಟ್ಟಿಲೇರಿದರು. 2010ರ ಏಪ್ರಿಲ್‌ನಲ್ಲಿ ರಾಜಿಯಾಯಿತು. 41 ಮಂದಿಗೆ 7 ಲಕ್ಷ ಡಾಲರ್, ಜೊತೆಗೆ ಮಿಕ್ಕಿದ್ದ ರಕ್ತ ವಾಪಸು. ಫ್ರೀಜರಿನ ಮುಂದೆ ನಿಂತು ಅತ್ತು, ತಮ್ಮ ಭಾಷೆಯಲ್ಲಿ ಹಾಡಿ, ತಮ್ಮದನ್ನು ತಾವು ಒಯ್ದರು.

ಎಲ್ಲಿಯದೋ ಕಥೆ ಎನ್ನುವ ಹಾಗಿಲ್ಲ. ಬೆಂಗಳೂರಿನಲ್ಲಿ ಬಸ್ಸಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕೂಗುವ ವಿಜ್ಞಾನ ಮಂದಿರದ ಆವರಣದಲ್ಲೇ ಮಿದುಳು ಸಂಶೋಧನಾ ಕೇಂದ್ರವಿದೆ. ಜೀನೋಮ್ ಇಂಡಿಯಾ ಯೋಜನೆಗಾಗಿ ದೇಶದ ನಾನಾ ಜನಾಂಗಗಳಿಂದ ಪಡೆದ ಸುಮಾರು 20,000 ಮಂದಿಯ ರಕ್ತ ಅಲ್ಲಿ ಶೇಖರಣೆಯಾಗಿದೆ. ಅದರಲ್ಲಿ 10,000 ಮಂದಿಯ ವಂಶವಾಹಿ ವಿವರ ಫರೀದಾಬಾದಿನ ಕೇಂದ್ರದಲ್ಲಿದೆ. 2025ರ ಜನವರಿಯಿಂದ ಸಂಶೋಧಕರಿಗೆ ಅದರ ಬಾಗಿಲು ತೆರೆದಿದೆ. ಆದರೆ ಬೇಕೆಂದವರಿಗೆಲ್ಲ ಬಿಟ್ಟಿ ಸಿಗುವುದಿಲ್ಲ, ಅರ್ಜಿ ಹಾಕಿ ಷರತ್ತಿಗೆ ಒಪ್ಪಬೇಕು.

ಇಂಥ ಕೆಲಸ ಬೇಕೇ ಬೇಕು. ಇಲ್ಲಿನ ಜನರ ರೋಗ ತಿಳಿಯಲು ಇಲ್ಲಿನ ಜನರ ರಕ್ತವೇ ಆಗಬೇಕು. ಹೆಸರು ತೆಗೆದು ನಂಬರು ಹಾಕುತ್ತಾರೆ, ಸರಿ. ಒಬ್ಬನ ಹೆಸರು ಅಳಿಸಬಹುದು. ಜನಾಂಗದ ಹೆಸರು? ಹವಸುಪಾಯಿಗಳಿಗೆ ಚುಚ್ಚಿದ್ದು ಅದೇ ಮುಳ್ಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಟ್ಟ ರಕ್ತವನ್ನು ಬೇರೆ ಸಂಶೋಧನೆಗೆ ಬಳಸಬೇಕಾದರೆ ನೈತಿಕ ಸಮಿತಿಯ ಮುಂದೆ ಹೋಗಬೇಕು. ಆ ಸಮಿತಿಯಲ್ಲಿ ಡಾಕ್ಟರಲ್ಲದ, ವಿಜ್ಞಾನಿಯಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಕಿರಾಣಿ ಅಂಗಡಿಯವರೂ ಆಗಬಹುದು, ಸ್ವಾಮಿ! ಕೊಟ್ಟವರು ಮನಸ್ಸು ಬದಲಿಸಿ ಬೇಡ ಎನ್ನಲೂಬಹುದು. ಆದರೆ ಹೆಸರಿಗೂ ನಂಬರಿಗೂ ಇದ್ದ ನಂಟು ಪೂರ್ತಿ ಕಡಿದ ಮೇಲೆ ಯಾವ ಶೀಸೆ ಯಾರದೆಂದು ಅವರಿಗೂ ತಿಳಿಯದು. ಒಪ್ಪಿಗೆ ಕಾಗದ ಅರ್ಥವಾಗುವ ಭಾಷೆಯಲ್ಲಿರಬೇಕು, ಪ್ರತಿಯೊಂದು ಕೈಗೆ ಸಿಗಬೇಕು. ಇಂಗ್ಲಿಷಿನದ್ದು ಮುಂದಿಟ್ಟು ಇಲ್ಲೊಂದು ಸಹಿ ಹಾಕಿ ಎಂದರೆ, ಕನ್ನಡದ್ದು ಕೊಡಿ ಎಂದು ಕೂತುಬಿಡಬಹುದು.