ಊರಿನವರು ಬರುವ ತನಕ

ಲಿಂಗಂಪಲ್ಲಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರ ಮನೆ ಕುಂದಾಪುರದಲ್ಲೋ ಕಾರ್ಕಳದಲ್ಲೋ ಇರುತ್ತದೆ. ಇಲ್ಲಿ ಒಬ್ಬನು ಕಾಲವಾದರೆ ಹೆತ್ತವರು ಬಂದು ಮುಖ ನೋಡುವಷ್ಟರಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದಿರುತ್ತದೆ. ಅದುವರೆಗೆ ಕಳೇಬರವನ್ನು ಕಾಪಾಡುವ ಬಗೆ ಯಾವುದು? ಅಮಂಗಳದ ಮಾತೆಂದು ವಾಚಕರು ಪುಟ ಮಗುಚಬಾರದಾಗಿ ಪ್ರಾರ್ಥನೆ.

ಪ್ರಾಣ ಹೋದ ಬಳಿಕ ಜೀವಕೋಶಗಳೊಳಗಿನ ರಸಗಳು ಕೋಶಗಳನ್ನೇ ಕರಗಿಸತೊಡಗುತ್ತವೆ. ಕರುಳಿನ ಅಣುಜೀವಿಗಳು ಉಳಿದ ಅಂಗಗಳಿಗೆ ಹಬ್ಬುತ್ತವೆ. ಹೈದರಾಬಾದಿನ 40 ಡಿಗ್ರಿಯ ಬೇಸಿಗೆಯಲ್ಲಿ ಇದು ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಆದುದರಿಂದ ಶವಾಗಾರದ ಶೀತಲ ಖಾನೆಯನ್ನು ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಫ್ರಿಜ್ಜಿನಲ್ಲಿಟ್ಟ ಹಾಲು ತಡವಾಗಿ ಕೆಡುತ್ತದೆ, ಕೆಡದೇ ಇರುವುದಿಲ್ಲ. ವಾರಗಟ್ಟಲೆ ಇಡಬೇಕಾದರೆ ಸೊನ್ನೆಗಿಂತಲೂ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿನ ಶೈತ್ಯ ಬೇಕು.

ವಿಮಾನದಲ್ಲಿ ಒಯ್ಯುವುದಾದರೆ ಎಂಬಾಮಿಂಗ್ ಮಾಡಿಸಿದ ಪ್ರಮಾಣಪತ್ರವನ್ನು ಕೇಳುತ್ತಾರೆ. ಫಾರ್ಮಲಿನ್ ಬೆರೆತ ದ್ರವವನ್ನು ಕುತ್ತಿಗೆಯ ಅಥವಾ ತೊಡೆಯ ರಕ್ತನಾಳದ ಮೂಲಕ ಒಳಗೆ ಹರಿಸುವುದೇ ಈ ಕ್ರಮ. ಅದು ಅಣುಜೀವಿಗಳನ್ನು ಕೊಂದು ಮಾಂಸವನ್ನು ಬಿಗಿಗೊಳಿಸುತ್ತದೆ. ಅಪಘಾತ ಅಥವಾ ಸಂಶಯಾಸ್ಪದ ಮರಣವಾಗಿದ್ದಲ್ಲಿ ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ ಮೊದಲು ಮುಗಿಯಬೇಕು. ಈ ದ್ರವ ಒಳಹೊಕ್ಕರೆ ವಿಷದ ಕುರುಹು ಕೆಟ್ಟುಹೋದೀತು. ಆ ಹೊತ್ತಿನಲ್ಲಿ ಅವಸರಪಡಿಸಿ ಜಗಳವಾಡುವ ನಮ್ಮ ಹುಡುಗರಿಗೆ ಈ ಕಾರಣ ತಿಳಿದಿದ್ದರೆ ಒಳಿತು.

ತಂಪನ್ನು ಯಂತ್ರ ಕೊಟ್ಟೀತು, ಲೆಕ್ಕವನ್ನು ಮನುಷ್ಯರೇ ಇಡಬೇಕು. ಬೆಂಗಳೂರು ರಾಜಾಜಿನಗರದಲ್ಲಿ ಕಾರ್ಮಿಕ ವಿಮೆಯ ಇ.ಎಸ್.ಐ. ಆಸ್ಪತ್ರೆಯಿದೆ. 2020ರ ಜುಲೈಯಲ್ಲಿ ಕೋವಿಡ್‌ನಿಂದ ಅಲ್ಲಿ ತೀರಿಕೊಂಡ ಇಬ್ಬರ ಶವಗಳು 2021ರ ನವೆಂಬರಿನಲ್ಲಿ ಹಳೆಯ ಶವಾಗಾರದ ಖಾನೆಗಳಲ್ಲಿ ಸಿಕ್ಕಿದವು. ಹದಿನಾರು ತಿಂಗಳು! ದಹನ ಎಂದೋ ಆಗಿದೆಯೆಂದು ಮನೆಯವರು ನಂಬಿದ್ದರು. ಹೆಸರಿದ್ದವರ ಗತಿಯೇ ಹೀಗಾಯಿತು.

ಹೆಸರೇ ಇಲ್ಲದವರ ಪಾಡೇನು? ನಮ್ಮ ಅಡುಗೆಮನೆಗಳಲ್ಲಿ ಐದು ವರ್ಷ ಒಟ್ಟಿಗೆ ದುಡಿದು ಒಂದೇ ಕೋಣೆಯಲ್ಲಿ ಮಲಗಿದವರಿಗೂ ಜೊತೆಗಾರನು 'ದೋಸೆ ಮಂಜ' ಎಂದಷ್ಟೇ ಗೊತ್ತು. ಅವನ ತಂದೆಯ ಹೆಸರು, ಊರು, ಮನೆಯ ಫೋನು ಗೊತ್ತಿರುವುದಿಲ್ಲ. ಅಂಥವನು ರೈಲುಹಳಿಯ ಬಳಿ ಬಿದ್ದು ಸತ್ತರೆ ಉಸ್ಮಾನಿಯಾ ಅಥವಾ ಗಾಂಧಿ ಆಸ್ಪತ್ರೆಯ ಶವಾಗಾರದಲ್ಲಿ ಅವನು ಅಪರಿಚಿತ ಗಂಡಸು. ಗುರುತು ಹಿಡಿಯುವವರಿಗಾಗಿ ಪೊಲೀಸರು ಸಾಮಾನ್ಯವಾಗಿ ಮೂರು ದಿನ ಕಾಯುತ್ತಾರೆ. ಕುಂದಾಪುರಕ್ಕೆ ಸುದ್ದಿ ಮುಟ್ಟಲು ಆ ಮೂರು ದಿನ ಧಾರಾಳ ಸಾಕು, ಸುದ್ದಿ ಯಾರಿಗೆ ಮುಟ್ಟಿಸಬೇಕೆಂಬುದು ತಿಳಿದಿದ್ದರೆ. ಮಾಲೀಕರು ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನ್ನೆರಡು ಗೆರೆ ಎಳೆದು, ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಈ ವಾರವೇ ಬರೆಸಿಕೊಳ್ಳಲಿ.